ಮುಚ್ಚುವ ಪಟ್ಟಿಯಲ್ಲಿ ನಮ್ಮ ವಿಭಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ವಿಶ್ವವಿದ್ಯಾಲಯಗಳು ಕೋರ್ಸುಗಳನ್ನು ನಿಲ್ಲಿಸಲು, ವಿಭಾಗಗಳನ್ನು ಮುಚ್ಚಲು ಹೊರಟಾಗ ಅದಕ್ಕೆ ಎದುರು ನಿಂತ ವಿದ್ಯಾರ್ಥಿಗಳು ಮತ್ತು ಹಳೆಯ ವಿದ್ಯಾರ್ಥಿಗಳು ಕಳಿಸಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿದ್ದೇವೆ. ಹೆಸರು, ಊರು, ಸಂಸ್ಥೆ ಯಾವುದನ್ನೂ ಹಾಕಿಲ್ಲ.

ಪ್ರಶ್ನೆ: ನಾನು ಓದಿದ ವಿಭಾಗವನ್ನು ಮುಚ್ಚುತ್ತಾರಂತೆ ಎಂದು ಸಹಪಾಠಿಗಳ ವಾಟ್ಸಾಪ್ ಗುಂಪಿನಲ್ಲಿ ಬಂತು. ಎಲ್ಲರೂ ಸಿಟ್ಟಾಗಿದ್ದಾರೆ. ಮೊದಲ ವಾರ ಏನು ಮಾಡಬೇಕು?

ಪ್ರಸ್ತಾಪದ ಮೂಲ ಕಾಗದವನ್ನು ಮೊದಲು ಕೈಗೆ ತೆಗೆದುಕೊಳ್ಳಿ. ‘ಮುಚ್ಚುತ್ತಾರಂತೆ’ ಎಂಬ ಒಂದು ಮಾತಿನ ಹಿಂದೆ ನಾಲ್ಕು ಬೇರೆ ಬೇರೆ ಸಂಗತಿಗಳಿರಬಹುದು. ಒಂದು, ಈ ವರ್ಷ ಹೊಸ ಪ್ರವೇಶ ಇಲ್ಲ. ಎರಡು, ಪದವಿ ನಿಲ್ಲುತ್ತದೆ, ಬಿಡಿ ಕೋರ್ಸುಗಳು ಉಳಿಯುತ್ತವೆ. ಮೂರು, ವಿಭಾಗವನ್ನು ಇನ್ನೊಂದರ ಜೊತೆ ಸೇರಿಸುತ್ತಾರೆ. ನಾಲ್ಕು, ವಿಭಾಗವೂ ಹೋಗುತ್ತದೆ, ಹುದ್ದೆಗಳೂ ಹೋಗುತ್ತವೆ. ಇವುಗಳಲ್ಲಿ ಮೊದಲನೆಯದು ನೋಡುವುದಕ್ಕೆ ಸೌಮ್ಯ, ಆದರೆ ನಮ್ಮ ಮಟ್ಟಿಗೆ ಅದೇ ಹೆಚ್ಚು ಅಪಾಯದ್ದು. ಈ ವರ್ಷ ಪ್ರವೇಶ ನಿಲ್ಲಿಸಿದರೆ ಮುಂದಿನ ವರ್ಷದ ವರದಿಯಲ್ಲಿ ‘ವಿದ್ಯಾರ್ಥಿಗಳೇ ಇಲ್ಲ’ ಎಂಬ ಸಾಲು ತಾನಾಗಿಯೇ ಬರುತ್ತದೆ. ‘ತಾತ್ಕಾಲಿಕ’ ಎಂಬ ಪದ ಕಂಡರೆ, ಪ್ರವೇಶ ಮತ್ತೆ ಶುರುವಾಗುವ ದಿನಾಂಕ ಯಾವುದು, ಅದನ್ನು ತೀರ್ಮಾನಿಸುವವರು ಯಾರು ಎಂದು ಲಿಖಿತವಾಗಿ ಕೇಳಿ.

ಎರಡನೆಯದು ಕ್ಯಾಲೆಂಡರ್. ಶಿಫಾರಸು ಮಾಡುವ ಸಮಿತಿ ಯಾವುದು, ಅದು ಯಾವ ಶೈಕ್ಷಣಿಕ ಮಂಡಳಿಗೆ ಹೋಗುತ್ತದೆ, ಕೊನೆಯ ಮುದ್ರೆ ಒತ್ತುವ ಆಡಳಿತ ಮಂಡಳಿ ಯಾವ ದಿನ ಸೇರುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿ. ಸದಸ್ಯರಿಗೆ ಸಭೆಯ ಕಾಗದಗಳು ಮುಂಚೆಯೇ ತಲುಪಿರುತ್ತವೆ. ನಿಮ್ಮ ಟಿಪ್ಪಣಿ ಆ ಕಟ್ಟಿನೊಳಗೆ ಇರಬೇಕು. ಸಭೆಯ ಬಾಗಿಲಲ್ಲಿ ಕೊಟ್ಟ ಮನವಿಯನ್ನು ಓದಲು ಯಾರಿಗೂ ಪುರುಸೊತ್ತಿರುವುದಿಲ್ಲ. ಸಮಯ ಎಷ್ಟು ಕಡಿಮೆ ಇರುತ್ತದೆ ಎನ್ನುವುದಕ್ಕೆ ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯವನ್ನು ನೋಡಿ. 2023ರ ಆಗಸ್ಟ್‌ನಲ್ಲಿ ಪ್ರಾಥಮಿಕ ಪಟ್ಟಿ ಹೊರಬಂತು, ಸೆಪ್ಟೆಂಬರ್ 15ಕ್ಕೆ ಆಡಳಿತ ಮಂಡಳಿ ಮತ ಹಾಕಿತು. ಸಿಕ್ಕಿದ್ದು ಸುಮಾರು ಐದು ವಾರ. ಅಷ್ಟರೊಳಗೇ ಮೇಲ್ಮನವಿಯ ಅವಕಾಶವಿತ್ತು. ಮೊದಲ ಪಟ್ಟಿಯಲ್ಲಿದ್ದ 32 ಪದವಿ ಕಾರ್ಯಕ್ರಮಗಳು 28ಕ್ಕೆ ಇಳಿದವು, 169 ಬೋಧಕ ಹುದ್ದೆಗಳು 143ಕ್ಕೆ ಇಳಿದವು. ದೊಡ್ಡ ಗೆಲುವು ಅಲ್ಲ, ನಿಜ. ಆದರೆ 26 ಹುದ್ದೆಗಳೆಂದರೆ 26 ಮನೆಗಳು.

ಮೂರನೆಯದು ಮಾಹಿತಿ ಕೇಳುವ ಅರ್ಜಿ. ಇದನ್ನು ಮೊದಲ ದಿನವೇ ಹಾಕಿ. ಭಾರತದಲ್ಲಿ ಮಾಹಿತಿ ಹಕ್ಕು ಕಾಯ್ದೆಯಡಿ ಉತ್ತರಕ್ಕೆ 30 ದಿನ ಇರುತ್ತದೆ, ಬ್ರಿಟನ್ನಿನ ಕಾಯ್ದೆಯಲ್ಲಿ 20 ಕೆಲಸದ ದಿನ. ಅಮೆರಿಕದಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಆಯಾ ರಾಜ್ಯದ ಕಾನೂನು ಅನ್ವಯಿಸುತ್ತದೆ. ಎರಡು ವಾರ ಮೆರವಣಿಗೆ ಮಾಡಿ ಆಮೇಲೆ ಅರ್ಜಿ ಹಾಕಿದರೆ ಉತ್ತರ ಬರುವ ಹೊತ್ತಿಗೆ ಮತದಾನ ಮುಗಿದಿರುತ್ತದೆ. ‘ಎಲ್ಲ ದಾಖಲೆ ಕೊಡಿ’ ಎಂದು ಬರೆಯಬೇಡಿ, ಹಾಗೆ ಬರೆದರೆ ಅರ್ಜಿ ವಿಪರೀತ ವಿಸ್ತಾರವಾಯಿತೆಂದು ತಳ್ಳಿಹಾಕಲು ದಾರಿಯಾಗುತ್ತದೆ. ಐದು ಸಾಲು ಸಾಕು: ಕಳೆದ ಐದು ವರ್ಷಗಳ ಪ್ರವೇಶ ಸಂಖ್ಯೆ, ವಿಭಾಗ ಕಲಿಸಿದ ಒಟ್ಟು ಕ್ರೆಡಿಟ್‌ಗಳು (ಪ್ರತಿ ಕೋರ್ಸಿನ ಕ್ರೆಡಿಟ್ ಅನ್ನು ಅದರ ವಿದ್ಯಾರ್ಥಿಗಳ ಸಂಖ್ಯೆಯಿಂದ ಗುಣಿಸಿ ಕೂಡಿದ್ದು), ವಿಭಾಗದ ನೇರ ಖರ್ಚು, ವಿಭಾಗಗಳನ್ನು ಆಯ್ಕೆ ಮಾಡಿದ ಮಾನದಂಡ ಮತ್ತು ಅಂಕಪಟ್ಟಿ, ಹೊರಗಿನ ಸಲಹಾ ಸಂಸ್ಥೆ ಇದ್ದರೆ ಅದರ ವರದಿ.

ಪ್ರಶ್ನೆ: ‘ನಿಮ್ಮ ವಿಭಾಗ ನಷ್ಟದಲ್ಲಿದೆ’ ಎನ್ನುತ್ತಾರೆ. ನಾವು ಸಾಹಿತ್ಯ ಓದಿದವರು, ಲೆಕ್ಕ ಅರ್ಥವಾಗುವುದಿಲ್ಲ. ಈ ನಷ್ಟವನ್ನು ಪರೀಕ್ಷಿಸುವುದು ಹೇಗೆ?

ಕೂಡುವುದು, ಕಳೆಯುವುದು ಬಂದರೆ ಸಾಕು. ಹೋರಾಟ ಗೆಲ್ಲುವುದೂ ಸೋಲುವುದೂ ಬಹುಪಾಲು ಈ ಹಾಳೆಯ ಮೇಲೆಯೇ. ಆದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ. ಒಂದು ಕಾಲ್ಪನಿಕ ವಿಭಾಗ ಇಟ್ಟುಕೊಳ್ಳಿ. ಹಣದ ಹೆಸರು ಬೇಡ, ಬರಿಯ ಅಂಕಿ ಸಾಕು.

ವಿಭಾಗದಲ್ಲಿ 6 ಅಧ್ಯಾಪಕರಿದ್ದಾರೆ. ಒಬ್ಬೊಬ್ಬರ ಸಂಬಳ 15ರಂತೆ ಒಟ್ಟು 90, ಕಚೇರಿ ಖರ್ಚು 10. ನೇರ ಖರ್ಚು 100 ಆಯಿತು. ಇದರ ಮೇಲೆ ವಿಶ್ವವಿದ್ಯಾಲಯ ತನ್ನ ಸಾಮಾನ್ಯ ಖರ್ಚಿನ ಪಾಲು ಎಂದು 60 ಹೊರಿಸುತ್ತದೆ: ಕಟ್ಟಡ, ಗ್ರಂಥಾಲಯ, ಆಡಳಿತ ಕಚೇರಿ, ಕಂಪ್ಯೂಟರ್ ವ್ಯವಸ್ಥೆ, ಭದ್ರತೆ. ಆದಾಯದ ಕಡೆಗೆ ಆ ವಿಭಾಗದಲ್ಲೇ ಪದವಿ ಮಾಡುವವರ ಶುಲ್ಕ 70 ಮಾತ್ರ ಬರೆಯುತ್ತಾರೆ. 160ರಲ್ಲಿ 70 ಕಳೆದರೆ ನಷ್ಟ 90. ಪತ್ರಿಕಾ ಹೇಳಿಕೆಗೆ ಹೋಗುವ ಅಂಕಿ ಇದೇ.

ಈಗ ಬಿಟ್ಟುಹೋದದ್ದನ್ನು ಸೇರಿಸಿ. ಬೇರೆ ವಿಭಾಗಗಳ ವಿದ್ಯಾರ್ಥಿಗಳು ಇಲ್ಲಿಗೆ ಬಂದು ಭಾಷೆ, ಬರವಣಿಗೆ, ತರ್ಕ, ಇತಿಹಾಸದ ಕೋರ್ಸುಗಳನ್ನು ತೆಗೆದುಕೊಳ್ಳುತ್ತಾರೆ. ಅವರ ಶುಲ್ಕದಲ್ಲಿ ಈ ಕೋರ್ಸುಗಳ ಪಾಲು 65 ಎಂದಿಟ್ಟುಕೊಳ್ಳೋಣ. ಆಗ ಆದಾಯ 135. ನೇರ ಖರ್ಚು 100 ಕಳೆದರೆ 35 ಮಿಗುತ್ತದೆ. ಅಂದರೆ ಕಟ್ಟಡ, ಗ್ರಂಥಾಲಯದ ಖರ್ಚಿಗೆ ಈ ವಿಭಾಗ 35 ಕೊಡುತ್ತಿದೆ. ‘ನಷ್ಟ 90’ ಎಂಬುದರ ನಿಜರೂಪ ಇದು.

ಮುಚ್ಚಿದರೆ ಉಳಿಯುವುದೆಷ್ಟು ಎಂಬುದು ಇನ್ನೊಂದೇ ಲೆಕ್ಕ. ಸಾಮಾನ್ಯ ಖರ್ಚಿನ 60 ಎಲ್ಲಿಗೂ ಹೋಗುವುದಿಲ್ಲ. ಗ್ರಂಥಾಲಯದ ದೀಪ ಉರಿಯುತ್ತಲೇ ಇರುತ್ತದೆ, ಆ 60 ಉಳಿದ ವಿಭಾಗಗಳ ತಲೆಗೆ ಹಂಚಿಹೋಗುತ್ತದೆ. ಹಾಗಾಗಿಯೇ ಈ ವರ್ಷ ಲಾಭದಲ್ಲಿದ್ದ ನೆರೆಯ ವಿಭಾಗ ಮುಂದಿನ ವರ್ಷ ನಷ್ಟದ ಪಟ್ಟಿಗೆ ಬಂದುಬಿಡಬಹುದು. ಬೇರೆ ವಿಭಾಗಗಳಿಗೆ ಕಲಿಸುವ ಕೋರ್ಸುಗಳು ನಡೆಯಲೇಬೇಕು, ಅದಕ್ಕೆ 4 ಅಧ್ಯಾಪಕರು ಬೇಕು ಎಂದಾದರೆ ಉಳಿಯುವುದು ಇಬ್ಬರ ಸಂಬಳ 30, ಕಚೇರಿಯ 10, ಒಟ್ಟು 40. ಇನ್ನು ಪದವಿಗೆ ಬರುತ್ತಿದ್ದವರ 70. ಅವರಲ್ಲಿ ಅರ್ಧದಷ್ಟು ಜನ ಅದೇ ವಿಶ್ವವಿದ್ಯಾಲಯದ ಇನ್ನೊಂದು ಪದವಿಗೆ ಸೇರಿದರೂ 35 ಕೈತಪ್ಪುತ್ತದೆ. 40ರಲ್ಲಿ 35 ಹೋದರೆ ಉಳಿತಾಯ ಬರೀ 5. ಅರ್ಧದ ಬದಲು ಕಾಲು ಭಾಗ ಮಾತ್ರ ಉಳಿದರೆ ಕೈತಪ್ಪುವುದು 52.5, ಆಗ ಉಳಿತಾಯವಿಲ್ಲ, 12.5 ಕೊರತೆ. ಇಷ್ಟಾದರೂ ಈಗಿರುವ ವಿದ್ಯಾರ್ಥಿಗಳ ಪದವಿ ಮುಗಿಯುವವರೆಗೆ ಆ ಉಳಿತಾಯ ಶುರುವೇ ಆಗುವುದಿಲ್ಲ.

ನಿಮ್ಮ ವಿಭಾಗದ ನಿಜವಾದ ಅಂಕಿಗಳನ್ನು ಈ ಅಚ್ಚಿಗೆ ಹಾಕಿ. ತಪ್ಪು ಸಾಮಾನ್ಯವಾಗಿ ಎರಡು ಕಡೆ ಆಗುತ್ತದೆ. ಒಂದು, ಎರಡು ವಿಭಾಗಗಳು ಜಂಟಿಯಾಗಿ ಕಲಿಸುವ ಕೋರ್ಸನ್ನು ಪೂರ್ತಿಯಾಗಿ ನಮ್ಮದೇ ಎಂದು ಬರೆದುಕೊಳ್ಳುವುದು. ಎದುರಿನವರು ಆ ಒಂದು ತಪ್ಪನ್ನು ಹಿಡಿದು ಇಡೀ ಹಾಳೆಯನ್ನೇ ಬದಿಗಿಡುತ್ತಾರೆ. ಇನ್ನೊಂದು, ಎರಡು ಪದವಿ ವಿಷಯ ತೆಗೆದುಕೊಂಡವರನ್ನು ವಿಶ್ವವಿದ್ಯಾಲಯ ಮೊದಲ ವಿಷಯಕ್ಕೆ ಮಾತ್ರ ಎಣಿಸುವುದು. ನಿಮ್ಮ ವಿಷಯ ಅವರಿಗೆ ಎರಡನೆಯದಾಗಿದ್ದರೆ ಅವರು ನಿಮ್ಮ ಲೆಕ್ಕದಿಂದ ಮಾಯವಾಗಿರುತ್ತಾರೆ. ಆ ಪಟ್ಟಿಯನ್ನು ಬೇರೆಯಾಗಿ ಕೇಳಿ ಪಡೆಯಿರಿ. ಲೆಕ್ಕ ಮಾಡಿದ ಮೇಲೂ ವಿಭಾಗ ನಿಜವಾಗಿ ನಷ್ಟದಲ್ಲಿದೆ ಎಂದು ಕಂಡುಬಂದರೆ ಅದನ್ನು ಮುಚ್ಚಿಡಬೇಡಿ. ನಷ್ಟ ಎಷ್ಟು, ಅದನ್ನು ಎಷ್ಟು ವರ್ಷದಲ್ಲಿ ಹೇಗೆ ತುಂಬುತ್ತೇವೆ ಎಂದು ನೀವೇ ಬರೆಯಿರಿ.

ಪ್ರಶ್ನೆ: ನಮ್ಮಲ್ಲಿ ವರ್ಷಕ್ಕೆ ಎಂಟು ಮಂದಿ ಪದವಿ ಪಡೆಯುತ್ತಾರೆ. ಇಷ್ಟು ಕಡಿಮೆ ಇರುವಾಗ ಯಾವ ಮುಖದಿಂದ ವಾದಿಸುವುದು?

ನಾಚಿಕೆಪಡಬೇಕಾದ ಕಾರಣವಿಲ್ಲ. ಎಂಟು ಎಂಬುದು ಪದವೀಧರರ ಸಂಖ್ಯೆ, ವಿಭಾಗದ ಕೆಲಸದ ಅಳತೆ ಅಲ್ಲ. ವಿಭಾಗ ಕಲಿಸುವ ಒಂದು ಪ್ರಾಥಮಿಕ ಭಾಷಾ ಕೋರ್ಸನ್ನು ನೋಡಿ: 4 ತರಗತಿಗಳು, ತಲಾ 35 ವಿದ್ಯಾರ್ಥಿಗಳು, 3 ಕ್ರೆಡಿಟ್. ಅಲ್ಲಿಗೇ 420 ಕ್ರೆಡಿಟ್ ಆಯಿತು. ಪದವೀಧರರ ಎಣಿಕೆಯಲ್ಲಿ ಈ 140 ವಿದ್ಯಾರ್ಥಿಗಳಲ್ಲಿ ಒಬ್ಬರೂ ಕಾಣುವುದಿಲ್ಲ.

ಆದರೆ ಕೆಲವು ಕಡೆ ಸಂಖ್ಯೆಯೇ ಕಾನೂನಾಗಿದೆ. ಅಮೆರಿಕದ ಇಂಡಿಯಾನಾ ರಾಜ್ಯ 2025ರಲ್ಲಿ ಮಾಡಿದ ಕಾನೂನಿನ ಪ್ರಕಾರ ಸರ್ಕಾರಿ ವಿಶ್ವವಿದ್ಯಾಲಯದ ಪದವಿಯೊಂದರಿಂದ ಮೂರು ವರ್ಷಗಳ ಸರಾಸರಿಯಲ್ಲಿ ಕನಿಷ್ಠ 15 ಮಂದಿ ಹೊರಬರಬೇಕು, ಸ್ನಾತಕೋತ್ತರಕ್ಕೆ 7, ಡಾಕ್ಟರೇಟಿಗೆ 3. ಕಡಿಮೆಯಾದರೆ ಮುಂದುವರಿಸಲು ವಿಶೇಷ ಅನುಮತಿ ಕೇಳಬೇಕು. ಇಂಥ ಗೆರೆ ಇರುವ ಕಡೆ ಕ್ರೆಡಿಟ್ ವಾದ ಒಂದೇ ಸಾಲದು. ಹತ್ತಿರದ ಎರಡು ಪದವಿಗಳನ್ನು ಒಂದೇ ಪದವಿಯ ಎರಡು ಶಾಖೆಗಳಾಗಿ ಮಾಡಿ ಸಂಖ್ಯೆ ಕೂಡಿಸಬಹುದೇ ಎಂದು ಅಧ್ಯಾಪಕರ ಜೊತೆ ಕೂತು ನೋಡಿ. ಸರಾಸರಿ ಎಷ್ಟು ವರ್ಷದ್ದು ಎನ್ನುವುದನ್ನೂ ನೋಡಿ, ಒಂದು ಕೆಟ್ಟ ವರ್ಷ ಮೂರರ ಸರಾಸರಿಯನ್ನು ಎಳೆದುಹಾಕುವಷ್ಟು ಐದರ ಸರಾಸರಿಯನ್ನು ಎಳೆಯುವುದಿಲ್ಲ.

ಪ್ರಶ್ನೆ: ಆನ್‌ಲೈನ್ ಸಹಿ ಸಂಗ್ರಹ ಮಾಡಿದ್ದೇವೆ, ಸಾವಿರಗಟ್ಟಲೆ ಸಹಿ ಬಂದಿದೆ. ಇದರಿಂದ ಉಪಯೋಗ ಇದೆಯೇ?

ಸುದ್ದಿಯಾಗಲು ಉಪಯೋಗ ಇದೆ, ನಿರ್ಧಾರ ಬದಲಿಸಲು ಇಷ್ಟೇ ಸಾಲದು. ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಪುರಾತತ್ವ ವಿಭಾಗವನ್ನು ಉಳಿಸಿ ಎಂದು 2021ರಲ್ಲಿ ಹತ್ತಾರು ಸಾವಿರ ಜನ ಸಹಿ ಹಾಕಿದ್ದರು. ಆದರೂ ವಿಭಾಗ ಮುಚ್ಚುವ ತೀರ್ಮಾನ ಬದಲಾಗಲಿಲ್ಲ. ಸಹಿಯ ರಾಶಿಯಲ್ಲಿ ವಿಶ್ವವಿದ್ಯಾಲಯಕ್ಕೆ ಸಂಬಂಧಪಟ್ಟವರು ಯಾರು, ದಾರಿಹೋಕರು ಯಾರು ಎಂದು ಗೊತ್ತಾಗದಿದ್ದರೆ ಮಂಡಳಿ ಅದಕ್ಕೆ ಬೆಲೆ ಕೊಡುವುದಿಲ್ಲ. ಸಹಿಯ ಜೊತೆ ಮೂರು ಖಾನೆ ಸೇರಿಸಿ: ಓದಿದ ವರ್ಷ, ಪಡೆದ ಪದವಿ, ಈಗಿನ ಕೆಲಸ. ನೂರು ಹಳೆಯ ವಿದ್ಯಾರ್ಥಿಗಳ ಇಂಥ ಪಟ್ಟಿ, ಜೊತೆಗೆ ಆ ಪದವಿಯವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಹತ್ತು ಸಂಸ್ಥೆಗಳ ಪತ್ರ ಇದ್ದರೆ ಅದರ ತೂಕವೇ ಬೇರೆ. ಬ್ರಿಟನ್ನಿನದೇ ಆದ ಕಾರ್ಡಿಫ್ ವಿಶ್ವವಿದ್ಯಾಲಯ 2025ರ ಜನವರಿಯಲ್ಲಿ ಸುಮಾರು 400 ಹುದ್ದೆ ಕಡಿತದ ಪ್ರಸ್ತಾಪ ಮುಂದಿಟ್ಟಾಗ ನರ್ಸಿಂಗ್ ಶಾಲೆಯೂ ಮುಚ್ಚುವ ಪಟ್ಟಿಯಲ್ಲಿತ್ತು. ಆಸ್ಪತ್ರೆಗಳಿಗೆ ದಾದಿಯರು ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ವಿಶ್ವವಿದ್ಯಾಲಯದ ಗೋಡೆಯ ಆಚೆಯಿಂದಲೇ ಎದ್ದಿತು. ಕೆಲವೇ ತಿಂಗಳಲ್ಲಿ ನರ್ಸಿಂಗ್ ಶಾಲೆ ಮುಚ್ಚುವ ಪ್ರಸ್ತಾಪವನ್ನು ಕೈಬಿಟ್ಟರು.

ಪ್ರಶ್ನೆ: ‘ಇನ್ನು ಮುಂದೆ ಒಂದು ಕಾಸೂ ಕೊಡುವುದಿಲ್ಲ’ ಎಂದು ಹಳೆಯ ವಿದ್ಯಾರ್ಥಿಗಳ ಸಂಘ ಘೋಷಿಸಬೇಕೆಂದು ಕೆಲವರು ಹೇಳುತ್ತಾರೆ. ಇದು ಸರಿಯೇ?

ಬರಿಯ ಬೆದರಿಕೆ ಬೇಡ. ಈವರೆಗೆ ಏನೂ ಕೊಡದವರು ‘ಕೊಡುವುದಿಲ್ಲ’ ಎಂದರೆ ಯಾರಿಗೂ ನಷ್ಟವಿಲ್ಲ. ವಿಶ್ವವಿದ್ಯಾಲಯದ ದಾನ ವಿಭಾಗದವರ ಕೈಯಲ್ಲಿ ಕೊಟ್ಟವರ ಪಟ್ಟಿ ಇರುತ್ತದೆ, ಅವರು ತಕ್ಷಣ ನೋಡುತ್ತಾರೆ. ಅದರ ಬದಲು ಹಣವನ್ನು ಷರತ್ತಿನ ಮೇಲೆ ಇಡಿ: ‘ಪ್ರವೇಶ ಮುಂದುವರಿದರೆ ಮೂರು ವರ್ಷ ಇಷ್ಟು ಕೊಡುತ್ತೇವೆ’ ಎಂಬ ಲಿಖಿತ ವಾಗ್ದಾನ, ಕೊಡುವವರ ಹೆಸರು ಮತ್ತು ಮೊತ್ತದ ಸಮೇತ.

ಇದಕ್ಕಿಂತ ಮುಖ್ಯವಾದದ್ದು ಹಳೆಯ ದತ್ತಿ ಪತ್ರಗಳು. ವಿಭಾಗದ ಹೆಸರಿನಲ್ಲಿ ಯಾರೋ ಇಟ್ಟ ವಿದ್ಯಾರ್ಥಿವೇತನ, ಪೀಠ, ಪುಸ್ತಕ ನಿಧಿ ಇದ್ದರೆ ಅದರ ಮೂಲ ಪತ್ರದ ಪ್ರತಿ ತರಿಸಿ. ‘ಈ ವಿಷಯದ ಬೋಧನೆಗೆ ಮಾತ್ರ’ ಎಂಬ ಮಾತು ಅದರಲ್ಲಿದ್ದರೆ ಹಣವನ್ನು ಬೇರೆಡೆಗೆ ತಿರುಗಿಸಲು ದಾನಿಯ ಒಪ್ಪಿಗೆಯೋ ನ್ಯಾಯಾಲಯದ ಅನುಮತಿಯೋ ಬೇಕಾಗಬಹುದು. ಇಲ್ಲಿ ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡಿ.

ಹಣ, ಕಾನೂನು ಎರಡನ್ನೂ ಜೊತೆಗೆ ಹಿಡಿದು ಗೆದ್ದ ಉದಾಹರಣೆ ಅಮೆರಿಕದ ವರ್ಜೀನಿಯಾ ರಾಜ್ಯದ ಸ್ವೀಟ್ ಬ್ರಯರ್ ಕಾಲೇಜಿನದು. ಮಹಿಳೆಯರ ಆ ಕಾಲೇಜನ್ನೇ ಮುಚ್ಚುತ್ತೇವೆ ಎಂದು 2015ರ ಮಾರ್ಚ್ 3ರಂದು ಆಡಳಿತ ಪ್ರಕಟಿಸಿತು. ಹಳೆಯ ವಿದ್ಯಾರ್ಥಿನಿಯರು ತಕ್ಷಣ ಸಂಘಟಿತರಾದರು, ವಕೀಲರನ್ನು ನೇಮಿಸಿಕೊಂಡರು, ಕೊಡುಗೆಯ ವಾಗ್ದಾನ ಸಂಗ್ರಹಿಸಿದರು. ಕಾಲೇಜು ಒಬ್ಬ ಮಹಿಳೆಯ ಉಯಿಲಿನಿಂದ ಹುಟ್ಟಿದ್ದು, ಆ ಉಯಿಲಿನ ಉದ್ದೇಶವನ್ನು ಮೀರಬಾರದು ಎಂಬ ವಾದ ನ್ಯಾಯಾಲಯಕ್ಕೆ ಹೋಯಿತು. ಜೂನ್‌ನಲ್ಲಿ ರಾಜ್ಯದ ಅಟಾರ್ನಿ ಜನರಲ್ ಮಧ್ಯಸ್ಥಿಕೆಯಲ್ಲಿ ಒಪ್ಪಂದವಾಯಿತು. ಹಳೆಯ ವಿದ್ಯಾರ್ಥಿನಿಯರ ಸಂಘಟನೆ 1.2 ಕೋಟಿ ಡಾಲರ್ ಒದಗಿಸಬೇಕು, ಅಧ್ಯಕ್ಷರು ಮತ್ತು ಆಡಳಿತ ಮಂಡಳಿಯ ಹೆಚ್ಚಿನವರು ಬದಲಾಗಬೇಕು ಎಂದು ತೀರ್ಮಾನವಾಯಿತು. ಕಾಲೇಜು ಇಂದಿಗೂ ನಡೆಯುತ್ತಿದೆ. ಅವರು ‘ಹೊಸ ಮಂಡಳಿ, ಇಷ್ಟು ಹಣ, ಇಷ್ಟು ದಿನದೊಳಗೆ’ ಎಂದು ನಿರ್ದಿಷ್ಟವಾಗಿ ಕೇಳಿದ್ದನ್ನು ಗಮನಿಸಿ.

ಪ್ರಶ್ನೆ: ನಾನು ಎರಡನೇ ವರ್ಷದಲ್ಲಿದ್ದೇನೆ. ಕೋರ್ಸ್ ನಿಂತರೆ ನನ್ನ ಪದವಿ ಏನಾಗುತ್ತದೆ?

ಸಾಮಾನ್ಯವಾಗಿ, ಈಗಾಗಲೇ ಸೇರಿದವರಿಗೆ ಪದವಿ ಮುಗಿಸುವ ವ್ಯವಸ್ಥೆ ಮಾಡಿಯೇ ಕೋರ್ಸ್ ನಿಲ್ಲಿಸುತ್ತಾರೆ. ಅಮೆರಿಕದಲ್ಲಿ ಮಾನ್ಯತೆ ಕೊಡುವ ಸಂಸ್ಥೆಗಳು ಇಂಥ ಯೋಜನೆಯನ್ನು ಕೇಳುತ್ತವೆ. ಇಂಗ್ಲೆಂಡಿನಲ್ಲಿ ವಿದ್ಯಾರ್ಥಿ ರಕ್ಷಣಾ ಯೋಜನೆ ಎಂಬುದೇ ಇದೆ. ಆದರೆ ‘ಮುಗಿಸಬಹುದು’ ಎಂಬ ಮಾತಿನೊಳಗೆ ಬಿರುಕುಗಳಿವೆ. ಕಡ್ಡಾಯ ಕೋರ್ಸು ಎರಡು ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತದೆ, ನೀವು ಒಂದು ಸಲ ತಪ್ಪಿಸಿಕೊಂಡರೆ ಮತ್ತೆ ಇಲ್ಲ. ಐಚ್ಛಿಕ ವಿಷಯಗಳು ಏಳಿದ್ದದ್ದು ಎರಡಾಗುತ್ತವೆ. ಮಾರ್ಗದರ್ಶಕರು ಬೇರೆ ಕಡೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ.

ಆದ್ದರಿಂದ ಇಂದೇ ಒಂದು ಹಾಳೆ ಮಾಡಿ. ಎಡಗಡೆ ನಿಮಗೆ ಬಾಕಿ ಇರುವ ಪ್ರತಿ ಕೋರ್ಸು, ಬಲಗಡೆ ಅದು ಯಾವ ಸೆಮಿಸ್ಟರಿನಲ್ಲಿ ನಡೆಯುತ್ತದೆ, ಕಲಿಸುವವರು ಯಾರು. ವಿಭಾಗದ ಮುಖ್ಯಸ್ಥರ ಸಹಿಯೂ ಪರೀಕ್ಷಾ ವಿಭಾಗದ ಮುದ್ರೆಯೂ ಬೀಳಲಿ. ನೀವು ಸೇರಿದ ವರ್ಷದ ಪಠ್ಯಕ್ರಮ ಪುಸ್ತಿಕೆಯ ಪ್ರತಿ ಇಟ್ಟುಕೊಳ್ಳಿ. ಒಂದು ವರ್ಷ ಅನುತ್ತೀರ್ಣರಾದರೆ ಅಥವಾ ಅನಾರೋಗ್ಯದಿಂದ ಬಿಡಬೇಕಾಗಿ ಬಂದರೆ ಎಷ್ಟು ವರ್ಷದವರೆಗೆ ಪರೀಕ್ಷೆ ಬರೆಯಬಹುದು ಎಂಬುದನ್ನು ಪತ್ರದಲ್ಲಿ ಕೇಳಿ. ಹೆಚ್ಚಿನವರು ಕೇಳಲು ಮರೆಯುವುದು ಇದನ್ನೇ. ‘ಬೇರೆ ಪದವಿಗೆ ಬದಲಾಯಿಸಿಕೊಳ್ಳಿ’ ಎಂದು ಒತ್ತಾಯಿಸಿದರೆ, ಈವರೆಗಿನ ಕ್ರೆಡಿಟ್‌ಗಳಲ್ಲಿ ಎಷ್ಟನ್ನು ಒಪ್ಪಿಕೊಳ್ಳುತ್ತಾರೆ ಎಂಬ ಲಿಖಿತ ಉತ್ತರ ಬರುವವರೆಗೆ ಯಾವ ಅರ್ಜಿಗೂ ಸಹಿ ಹಾಕಬೇಡಿ.

ಪ್ರಶ್ನೆ: ಆಡಳಿತ ಮಂಡಳಿ ಮುಂದೆ ಮಾತಾಡಲು ಮೂರು ನಿಮಿಷ ಸಿಕ್ಕಿದೆ. ಏನು ಹೇಳಲಿ?

ಮೂರು ನಿಮಿಷವೆಂದರೆ ಸುಮಾರು 300 ಪದ. ಬರೆದುಕೊಂಡು, ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ ನೋಡಿ. ವಿಷಯದ ಮಹತ್ವದ ಬಗ್ಗೆ ಭಾಷಣ ಶುರುಮಾಡಿದರೆ ಅದರಲ್ಲೇ ಎರಡು ನಿಮಿಷ ಕಳೆದಿರುತ್ತದೆ. ಮೊದಲ ವಾಕ್ಯದಲ್ಲೇ ಬೇಡಿಕೆ ಇರಲಿ: ‘ಈ ವಿಭಾಗವನ್ನು ಇಂದಿನ ಪಟ್ಟಿಯಿಂದ ತೆಗೆದು, ಎರಡು ವರ್ಷ ಪ್ರವೇಶ ಮುಂದುವರಿಸಿ, ನಂತರ ಇಂತಿಂಥ ಅಂಕಿಗಳ ಮೇಲೆ ಪರಿಶೀಲಿಸಿ ಎಂದು ಕೇಳಲು ಬಂದಿದ್ದೇನೆ.’ ಆಮೇಲೆ ಒಂದು ಲೆಕ್ಕ, ಒಂದೇ ಒಂದು. ಆಮೇಲೆ ಆ ವಿಭಾಗ ಇಲ್ಲದೆ ನಡೆಯದ ಇನ್ನೊಂದು ಕೆಲಸ: ಶಿಕ್ಷಕರ ತರಬೇತಿಗೆ ಬೇಕಾದ ಕೋರ್ಸು, ಹಸ್ತಪ್ರತಿ ಸಂಗ್ರಹ ನೋಡಿಕೊಳ್ಳುವವರು, ಹೀಗೆ. ಕೊನೆಗೆ ಬೇಡಿಕೆಯನ್ನು ಅದೇ ಪದಗಳಲ್ಲಿ ಮತ್ತೊಮ್ಮೆ ಹೇಳಿ ಕೂತುಬಿಡಿ. ಐದು ಜನ ಮಾತಾಡುವುದಾದರೆ ಐದು ವಿಷಯ ಹಂಚಿಕೊಳ್ಳಿ. ಐವರೂ ಒಂದೇ ಮಾತು ಹೇಳಿದರೆ ಮೂರನೆಯವರ ಹೊತ್ತಿಗೆ ಸದಸ್ಯರು ಮೊಬೈಲ್ ತೆಗೆಯುತ್ತಾರೆ.

ಪ್ರಶ್ನೆ: ಅಧ್ಯಾಪಕರು ನಮ್ಮ ಜೊತೆ ಬಹಿರಂಗವಾಗಿ ಬರುತ್ತಿಲ್ಲ. ಬೇಸರವಾಗುತ್ತಿದೆ.

ಅವರ ಕೆಲಸವೇ ಪಟ್ಟಿಯಲ್ಲಿದೆ, ಬೇಸರಪಡಬೇಡಿ. ಅವರ ಹೆಸರನ್ನು ನಿಮ್ಮ ಪತ್ರಗಳಲ್ಲಿ ಎಳೆಯಬೇಡಿ, ಅವರ ಅಧಿಕೃತ ಇಮೇಲಿಗೆ ಹೋರಾಟದ ಯೋಜನೆ ಕಳಿಸಬೇಡಿ. ಅಧ್ಯಾಪಕರ ಸಂಘಕ್ಕೆ ತನ್ನದೇ ದಾರಿ ಇದೆ.

ಪ್ರಶ್ನೆ: ‘ಮುಚ್ಚುವುದಿಲ್ಲ, ಇನ್ನೆರಡು ವಿಭಾಗಗಳ ಜೊತೆ ಸೇರಿಸುತ್ತೇವೆ’ ಎಂದು ಈಗ ಹೇಳುತ್ತಿದ್ದಾರೆ. ಒಪ್ಪಿಕೊಳ್ಳಬಹುದೇ?

ಷರತ್ತುಗಳ ಮೇಲೆ ಒಪ್ಪಬಹುದು. ಪದವಿಯ ಹೆಸರು ಪ್ರಮಾಣಪತ್ರದಲ್ಲಿ ಉಳಿಯುತ್ತದೆಯೇ? ನಿವೃತ್ತರಾಗುವ ಅಧ್ಯಾಪಕರ ಜಾಗ ಅದೇ ವಿಷಯಕ್ಕೆ ತುಂಬುತ್ತದೆಯೇ? ಗ್ರಂಥಾಲಯದ ಹಣ ಬೇರೆಯಾಗಿ ಇರುತ್ತದೆಯೇ? ಈ ಮೂರಕ್ಕೆ ಉತ್ತರ ಇಲ್ಲದ ವಿಲೀನ ನಿಧಾನವಾಗಿ ಮುಚ್ಚುವ ದಾರಿಯೇ. ಇವುಗಳಲ್ಲಿ ಎರಡನೆಯದಕ್ಕೆ ಹೆಚ್ಚು ಪಟ್ಟು ಹಿಡಿಯಿರಿ. ಹುದ್ದೆ ಉಳಿದರೆ ಹೆಸರನ್ನು ಮುಂದೆ ಮರಳಿ ಪಡೆಯಬಹುದು, ಹುದ್ದೆ ಹೋದರೆ ಹೆಸರು ಬರಿಯ ಫಲಕವಾಗುತ್ತದೆ.

ಪ್ರಶ್ನೆ: ಮತದಾನ ಮುಗಿಯಿತು, ನಾವು ಸೋತೆವು. ಇನ್ನೇನಾದರೂ ಉಳಿದಿದೆಯೇ?

ಉಳಿದಿದೆ. ತೀರ್ಮಾನಕ್ಕೂ ಜಾರಿಗೂ ನಡುವೆ ತಿಂಗಳುಗಳಿರುತ್ತವೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸ್ಟೀವನ್ಸ್ ಪಾಯಿಂಟ್ ಕ್ಯಾಂಪಸ್ಸಿನಲ್ಲಿ ವಿಷಯ ಇನ್ನೂ ಮತಕ್ಕೆ ಹೋಗಿರಲಿಲ್ಲ, ಆದರೂ ಕಾಲ ಏನು ಮಾಡಬಲ್ಲದು ಎಂಬುದು ಅಲ್ಲಿ ಕಾಣುತ್ತದೆ. 2018ರ ಮಾರ್ಚ್‌ನಲ್ಲಿ ಇಂಗ್ಲಿಷ್, ಇತಿಹಾಸ, ತತ್ತ್ವಶಾಸ್ತ್ರ ಸೇರಿ 13 ಪದವಿ ವಿಷಯಗಳನ್ನು ನಿಲ್ಲಿಸುವ ಪ್ರಸ್ತಾಪ ಬಂತು. ವಿದ್ಯಾರ್ಥಿಗಳೂ ಅಧ್ಯಾಪಕರೂ ವಿರೋಧಿಸಿದರು. ಅದೇ ವರ್ಷ ನವೆಂಬರ್ ಹೊತ್ತಿಗೆ ಪಟ್ಟಿ 6ಕ್ಕೆ ಇಳಿಯಿತು. 2019ರ ಏಪ್ರಿಲ್‌ನಲ್ಲಿ ಯಾವ ವಿಷಯವನ್ನೂ ನಿಲ್ಲಿಸುವುದಿಲ್ಲ ಎಂದರು. ಆ ನಡುವೆ ಹಲವು ಅಧ್ಯಾಪಕರು ಬಿಟ್ಟುಹೋಗಿದ್ದರು, ನಿವೃತ್ತರಾಗಿದ್ದರು, ಬೇಕಾದ ಉಳಿತಾಯದ ದೊಡ್ಡ ಭಾಗ ಅದರಿಂದಲೇ ಬಂದಿತ್ತು. ಪದವಿ ಉಳಿದರೂ ಕಲಿಸುವವರು ಕಡಿಮೆಯಾದರು ಎಂಬ ನೋವಿನ ಮಗ್ಗುಲೂ ಅದಕ್ಕಿದೆ.

ಇನ್ನೊಂದು ದಾರಿ ಸ್ಥಳಾಂತರ. ಲಂಡನ್ನಿನ ಮಿಡಲ್‌ಸೆಕ್ಸ್ ವಿಶ್ವವಿದ್ಯಾಲಯ 2010ರಲ್ಲಿ ತತ್ತ್ವಶಾಸ್ತ್ರವನ್ನು ಮುಚ್ಚಲು ಹೊರಟಾಗ ವಿದ್ಯಾರ್ಥಿಗಳು ಕಟ್ಟಡದಲ್ಲೇ ಕೂತರು. ತೀರ್ಮಾನ ಬದಲಾಗಲಿಲ್ಲ, ಆದರೆ ಅಲ್ಲಿನ ಸಂಶೋಧನಾ ಕೇಂದ್ರ ಅದೇ ವರ್ಷ ಕಿಂಗ್‌ಸ್ಟನ್ ವಿಶ್ವವಿದ್ಯಾಲಯಕ್ಕೆ ಹೋಗಿ ಉಳಿಯಿತು. ನಿಮ್ಮ ವಿಭಾಗಕ್ಕೂ ಹತ್ತಿರದ ಸಂಸ್ಥೆಯೊಂದು ಬಾಗಿಲು ತೆರೆಯಬಹುದೇ ಎಂದು ಹಿರಿಯ ಹಳೆಯ ವಿದ್ಯಾರ್ಥಿಗಳು ಈಗಲೇ ಮಾತಾಡಲಿ. ಜೊತೆಗೆ, ತಡಮಾಡದೆ, ವಿಭಾಗದಲ್ಲಿರುವ ಪ್ರಬಂಧಗಳು, ಧ್ವನಿಮುದ್ರಿಕೆಗಳು, ಹಸ್ತಪ್ರತಿಗಳು, ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕಗಳು ಎಲ್ಲದರ ಪಟ್ಟಿ ಮಾಡಿಸಿ ಗ್ರಂಥಾಲಯಕ್ಕೆ ರಸೀದಿ ಸಮೇತ ಒಪ್ಪಿಸಿ. ಕೊಠಡಿ ಖಾಲಿ ಮಾಡುವ ದಿನ ಇವು ರಟ್ಟಿನ ಪೆಟ್ಟಿಗೆ ಸೇರಿ ಮೂಲೆಗೆ ಹೋಗುತ್ತವೆ, ಒಂದು ಮಳೆಗಾಲ ಕಳೆದರೆ ಹಾಳೆಗಳು ಅಂಟಿಕೊಂಡಿರುತ್ತವೆ.